ದೋಮ್ನಿಕಾಗೆ ಕೊಟ್ಟ ಮಾತ್ರೆ

ಮ್ಯಾರೆನ್ ಅಂದು ಬೆಳಿಗ್ಗೆ ಮಾಡಿದ್ದು ನೋಡುವವರ ಕಣ್ಣಿಗೆ ತಪ್ಪಿನ ಹಾಗೆ ಕಾಣುತ್ತಲೇ ಇರಲಿಲ್ಲ. ಪ್ರಾರ್ಥನಾ ಮಂದಿರದ ಅಂಗಳದಲ್ಲಿ, ಅಕ್ರೋಟು ಮರದ ಕೆಳಗೆ ಮೇಜು ಹಾಕಿಕೊಂಡು ಕೂತವಳು, ಜನ ಬರುವ ಮೊದಲೇ ರೋಗಿಗಳ ವಿವರ ಬರೆಯುವ ನಮೂನೆಗಳ ಕಟ್ಟು ಬಿಚ್ಚಿ, ‘ಮೈಗೆ ಒಗ್ಗದ ಔಷಧಿ ಇದೆಯೇ?’ ಎಂಬ ಸಾಲಿನ ಎದುರು ಎಲ್ಲದರಲ್ಲೂ ‘ಇಲ್ಲ’ ಎಂದು ಗುರುತು ಹಾಕಿಟ್ಟಳು. ಹಿಂದಿನ ಮೂರು ದಿನಗಳಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೇಳಿದ್ದಳು. ಎಲ್ಲರೂ ಇಲ್ಲವೆಂದೇ ತಲೆಯಾಡಿಸಿದ್ದರು. ಸಾಲಿನಲ್ಲಿ ನಿಂತವರು ಬಿಸಿಲಿಗೆ ಬಾಡುತ್ತಿದ್ದರು. ಒಂದು ಪ್ರಶ್ನೆ ಕಮ್ಮಿಯಾದರೆ ಒಬ್ಬೊಬ್ಬರಿಗೂ ಅರ್ಧ ನಿಮಿಷ ಉಳಿಯುತ್ತದೆ ಎಂದು ಅವಳ ಲೆಕ್ಕ.

ಅಮೆರಿಕದ ಅಯೋವಾದ ಒಂದು ಕ್ರೈಸ್ತ ಕಾಲೇಜಿನಲ್ಲಿ ಅವಳು ಮೂರನೇ ವರ್ಷದ ನರ್ಸಿಂಗ್ ಓದುತ್ತಿದ್ದಳು. ಅವಳೂ ಐವರು ಸಹಪಾಠಿಗಳೂ ಡಾಕ್ಟರ್ ವೆಂಡೆಲ್ ಅವರ ಹಿಂದೆ ಮೊಲ್ದೋವಾದ ಈ ಹಳ್ಳಿಗೆ ಎರಡು ವಾರದ ಸೇವೆಗೆಂದು ಬಂದಿದ್ದರು. ಉಳಿದವರು ಶಾಲೆಯ ಬೇಲಿಗೆ ಬಣ್ಣ ಬಳಿಯುತ್ತಿದ್ದರು, ಮಕ್ಕಳಿಗೆ ಹಾಡು ಕಲಿಸುತ್ತಿದ್ದರು. ಔಷಧಿಯ ಮೇಜು ಮಾತ್ರ ಮ್ಯಾರೆನ್‌ದು. ಅದು ಸಿಕ್ಕಿದ್ದಕ್ಕೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಹನ್ನೊಂದರ ಹೊತ್ತಿಗೆ ಹಾಸಿಗೆ ಹಿಡಿದಿದ್ದ ಮುದುಕರೊಬ್ಬರನ್ನು ನೋಡಲು ವೆಂಡೆಲ್ ತಮ್ಮ ಚೀಲ ಹೆಗಲಿಗೇರಿಸಿಕೊಂಡು ಊರಾಚೆಯ ಗುಡ್ಡಕ್ಕೆ ಹೋದರು. ಹೋಗುವ ಮುನ್ನ ಸಾಲಿನಲ್ಲಿದ್ದವರ ಗಂಟಲುಗಳನ್ನು ನೋಡಿ, ಯಾರಿಗೆ ಯಾವ ಮಾತ್ರೆ ಎಂದು ಚೀಟಿ ಬರೆದಿಟ್ಟಿದ್ದರು. "ಕೇಳೋದನ್ನ ಕೇಳಿ ಕೊಡಮ್ಮ" ಎಂದಷ್ಟೇ ಹೇಳಿದ್ದರು.

ದೋಮ್ನಿಕಾಳ ಸರದಿ ಬಂದದ್ದು ಆಮೇಲೆ. ಮೂವತ್ತೈದು ದಾಟಿದ ಗಟ್ಟಿ ಹೆಂಗಸು. ದ್ರಾಕ್ಷಿತೋಟದ ಕೆಲಸದಿಂದ ನೇರ ಬಂದಿದ್ದರಿಂದ ಮೊಣಕೈವರೆಗೆ ಮಣ್ಣು ಮೆತ್ತಿತ್ತು. ಹಳೆಯ ಚರ್ಚನ್ನೇ ನಂಬಿದ್ದ ಊರವರು ಈ ಮಂದಿರದ ಪ್ರಾರ್ಥನೆಯ ಗುಂಪಿನವರನ್ನು ‘ಪಶ್ಚಾತ್ತಾಪದವರು’ ಎಂದು ಆಡಿಕೊಳ್ಳುತ್ತಿದ್ದರು. ಅವಳೂ ಮೇಜಿನ ಮುಂದೆ ಬಂದವಳೇ ಛೇಡಿಸುವ ಮಾತಿಗೆ ನಿಂತಳು.

"ಏನ್ ವಿಯೋರಿಕಾ, ಔಷ್ದಿ ತಗೊಂಡ್ರೆ ನಿಮ್ಮ ಜೊತೆ ಹಾಡೂ ಹೇಳ್ಬೇಕಾ? ನನ್ನ ಗಂಟ್ಲು ಕೇಳಿದ್ರೆ ಕಪ್ಪೆನೂ ಓಡ್ಹೋಗುತ್ತೆ ಕಣೇ!"

ದುಭಾಷಿ ವಿಯೋರಿಕಾ ಆ ಮಂದಿರದ ಪಾದ್ರಿಯ ಮಗಳು. ನಗುತ್ತಲೇ ಮಾತನ್ನು ದಾಟಿಸಿದಳು. ಮ್ಯಾರೆನ್ ಕೂಡ ನಕ್ಕಳು. ನಮೂನೆಯಲ್ಲಿ ಹೆಸರು ಬರೆದುಕೊಂಡು ಚೀಟಿ ನೋಡಿದಳು, ಗುಲಾಬಿ ಬಣ್ಣದ ಮಾತ್ರೆಗಳ ಪೊಟ್ಟಣ ಕೊಟ್ಟಳು, ಮೊದಲನೆಯದನ್ನು ಇಲ್ಲೇ ನುಂಗು ಎಂದು ನೀರಿನ ಲೋಟ ಮುಂದೆ ಹಿಡಿದಳು. ದೋಮ್ನಿಕಾ ಗಟಗಟ ಕುಡಿದು, ಬೆಂಚಿನ ಮೇಲೆ ಕೂತು, ಪಕ್ಕದವಳ ಜೊತೆ ಚೆರ್ರಿ ಹಣ್ಣಿನ ಮಾತು ತೆಗೆದಳು.

ಕಾಲು ಗಂಟೆ ಕಳೆದಿರಬಹುದು. ದೋಮ್ನಿಕಾ ಅಂಗೈ ಕೆರೆದುಕೊಳ್ಳುತ್ತಿರುವುದನ್ನು ಮ್ಯಾರೆನ್ ಕಂಡಳು. ಒಂದು ಅಂಗೈ, ಆಮೇಲೆ ಇನ್ನೊಂದು. ಆಮೇಲೆ ಕುತ್ತಿಗೆ. ತಲೆಗೆ ಕಟ್ಟಿದ ವಸ್ತ್ರವನ್ನು ಅವಳು ಬಿಚ್ಚಿದಾಗ ಕುತ್ತಿಗೆಯ ತುಂಬ ಕೆಂಪು ದದ್ದುಗಳು ಎದ್ದಿದ್ದವು.

ಮ್ಯಾರೆನ್ ಮೇಜು ಬಿಟ್ಟು ಎದ್ದಳು. ಔಷಧಿ ಮೈಗೆ ಒಗ್ಗದಿದ್ದರೆ ಹೀಗಾಗುತ್ತದೆ, ಇದರ ಹೆಸರೂ ಅವಳಿಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಎರಡು ಪುಟ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದಳು. ಮುಂದೆ ಏನಾಗುತ್ತದೆ, ಅದರ ಮುಂದೆ ಏನಾಗುತ್ತದೆ, ಕೊನೆಗೆ ಏನಾಗುತ್ತದೆ ಎಲ್ಲವೂ ಗೊತ್ತಿತ್ತು.

"ಯಾಕೋ ನಾಲ್ಗೆ ದಪ್ಪ ಆದಂಗೆ..." ಎಂದಳು ದೋಮ್ನಿಕಾ. ಅವಳ ದನಿ ಆಗಲೇ ಬೇರೆ ಯಾರದೋ ದನಿಯಾಗಿತ್ತು. ತುಟಿ ಕಣ್ಣೆದುರೇ ಊದುತ್ತಿತ್ತು.

ಬೇಕಾಗಿದ್ದ ಚುಚ್ಚುಮದ್ದು ವೆಂಡೆಲ್ ಅವರ ಚೀಲದಲ್ಲಿತ್ತು. ಚೀಲ ಗುಡ್ಡದ ಮೇಲಿತ್ತು. ವಿಯೋರಿಕಾ ಅವರಿಗೆ ಫೋನು ಹಚ್ಚಿದಳು. ಗುಡ್ಡಕ್ಕೆ ಅದು ಹೋಗಲೇ ಇಲ್ಲ. ಪಟ್ಟಣದ ಆಂಬುಲೆನ್ಸಿನವರು ನಲವತ್ತೈದು ನಿಮಿಷ ಎಂದರು.

"ಅಷ್ಟು ಹೊತ್ತು ಇಲ್ಲ" ಎಂದಳು ಮ್ಯಾರೆನ್. "ವಿಯೋರಿಕಾ, ಊರಲ್ಲಿ ಬೇರೆ ಯಾರ ಹತ್ರಾನಾದ್ರೂ ಚುಚ್ಚುಮದ್ದು ಇದ್ಯಾ? ಯಾರಾದ್ರೂ?"

"ಪರಸ್ಕೋವಿಯಕ್ಕ. ಹಳೇ ಆಸ್ಪತ್ರೆ ನರ್ಸು. ಆದ್ರೆ ನಮ್ಮನ್ನ ಕಂಡ್ರೆ ಅವಳಿಗಾಗಲ್ಲ..."

"ಓಡು!"

ವಿಯೋರಿಕಾ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿದಳು. ಅವಳೊಂದಿಗೆ ಮಾತೂ ಹೊರಟುಹೋಯಿತು. ಅಂಗಳದಲ್ಲಿ ಇಪ್ಪತ್ತು ಹೆಂಗಸರು, ಒಬ್ಬಳು ಸಾಯುತ್ತಿರುವವಳು, ಮತ್ತು ಅವರ ಭಾಷೆಯ ಮೂವತ್ತು ಶಬ್ದ ಬಲ್ಲ ಮ್ಯಾರೆನ್.

ಅವಳು ದೋಮ್ನಿಕಾಳನ್ನು ಮರಕ್ಕೆ ಒರಗಿಸಿ ಕೂರಿಸಿದಳು, ಕಾಲುಗಳನ್ನು ಔಷಧಿಯ ಸೂಟ್‌ಕೇಸಿನ ಮೇಲೆ ಎತ್ತಿಟ್ಟಳು. ಕೈಗಳು ಕಲಿತದ್ದನ್ನು ತಾವೇ ಮಾಡುತ್ತಿದ್ದವು. ಆದರೆ ನಾಡಿ ಹಿಡಿದಾಗ ಬೆರಳಿಗೆ ಸಿಕ್ಕ ಬಡಿತ ದೋಮ್ನಿಕಾಳದೋ ತನ್ನದೋ ತಿಳಿಯಲಿಲ್ಲ. ಉಸಿರು ಒಳಗೆ ಹೋಗುವಾಗ ಸಣ್ಣಗೆ ಸೀಟಿಯಂಥ ಸದ್ದು ಬರುತ್ತಿತ್ತು. ಮ್ಯಾರೆನ್ ಒಂದೊಂದು ಸದ್ದನ್ನೂ ಎಣಿಸಿದಳು. ಒಂದು ಸದ್ದಿಗೂ ಇನ್ನೊಂದಕ್ಕೂ ನಡುವೆ, ಇದೇ ಕೊನೆಯದೋ ಎಂದು ಕಾದಳು.

"ಏನ್ ಕೊಟ್ರೇ ಇವ್ಳಿಗೆ? ವಿಷ ಕೊಟ್ರಾ?" ಒಬ್ಬಳು ಕಿರುಚಿದಳು. "ಗ್ರಿಗೋರೆನ ಕರೀರಿ! ಗಂಡನ್ನ ಕರೀರಿ!"

ಶಬ್ದಗಳು ಅರ್ಥವಾಗದಿದ್ದರೂ ಮಾತು ಅರ್ಥವಾಯಿತು. ಮ್ಯಾರೆನ್ ಪ್ರಾರ್ಥಿಸಲು ನೋಡಿದಳು. ನಾಲ್ಕು ವರ್ಷದವಳಿದ್ದಾಗಿನಿಂದ ದಿನವೂ ಮಾಡಿದ ಪ್ರಾರ್ಥನೆಯ ಒಂದು ಸಾಲೂ ಬಾಯಿಗೆ ಬರಲಿಲ್ಲ. ತಲೆಯಲ್ಲಿ ಇದ್ದದ್ದು ಒಂದೇ: ಸೀಟಿ ನಿಲ್ಲದಿರಲಿ. ಸೀಟಿ ನಿಲ್ಲದಿರಲಿ.

ದೋಮ್ನಿಕಾ ಮ್ಯಾರೆನ್‌ಳ ಮಣಿಕಟ್ಟು ಹಿಡಿದಿದ್ದಳು. ತೋಟದ ಕೈ, ಕಬ್ಬಿಣದ ಹಿಡಿತ. ಆ ಹಿಡಿತ ಸಡಿಲವಾಗತೊಡಗಿದಾಗಲೇ ಮ್ಯಾರೆನ್‌ಗೆ ನಿಜವಾದ ಭಯ ಹುಟ್ಟಿದ್ದು. ಅಲ್ಲಿಯವರೆಗಿನದ್ದು ಏನೂ ಅಲ್ಲವೆನ್ನಿಸಿತು. ದೋಮ್ನಿಕಾಳ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಕಣ್ಣುಗಳು ಮೇಲಕ್ಕೆ ಹೋಗುತ್ತಿದ್ದವು. "ದೋಮ್ನಿಕಾ! ಇಲ್ಲಿ ನೋಡು, ಇಲ್ಲಿ!" ಎಂದು ಮ್ಯಾರೆನ್ ತನ್ನ ಭಾಷೆಯಲ್ಲೇ ಕೂಗಿದಳು.

ಗೇಟು ಬಡಿದ ಸದ್ದಾಯಿತು. ದಪ್ಪ ಮುದುಕಿಯೊಬ್ಬಳು, ಮನೆಯ ಏಪ್ರನ್ನು ಉಟ್ಟವಳು, ವಿಯೋರಿಕಾಳ ಹಿಂದೆ ಏದುಸಿರು ಬಿಡುತ್ತ ಬಂದು ಮ್ಯಾರೆನ್‌ಳನ್ನು ಭುಜದಿಂದ ಪಕ್ಕಕ್ಕೆ ತಳ್ಳಿದಳು. ಗಾಜಿನ ಸೀಸೆಯ ಕತ್ತನ್ನು ಏಪ್ರನ್ನಿನ ಅಂಚಿನಲ್ಲಿ ಹಿಡಿದು ಮುರಿದು, ಸೂಜಿಗೆ ಎಳೆದು, ಬಟ್ಟೆಯ ಮೇಲಿನಿಂದಲೇ ತೊಡೆಗೆ ಚುಚ್ಚಿದಳು. ಗಡಿಯಾರ ನೋಡುತ್ತ ಕೂತಳು. ಐದು ನಿಮಿಷಕ್ಕೆ ಇನ್ನೊಂದು ಚುಚ್ಚಿದಳು.

ಸೀಟಿ ಸಣ್ಣದಾಯಿತು. ಮತ್ತೂ ಸಣ್ಣದಾಯಿತು. ದೋಮ್ನಿಕಾ ಕೆಮ್ಮಿದಳು, ವಾಂತಿ ಮಾಡಿದಳು, ಆಮೇಲೆ ಬಾಯಿ ತುಂಬ ಗಾಳಿ ಎಳೆದುಕೊಂಡಳು. ಅಂಗಳದ ಹೆಂಗಸರೆಲ್ಲ ಒಟ್ಟಿಗೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

ಆಗ ಪರಸ್ಕೋವಿಯಾ ತಿರುಗಿದಳು. "ಪೆನ್ಸಿಲಿನ್ನು, ಅಲ್ವಾ? ಇವಳ ಮೊದಲ ಹೆರಿಗೇಲೂ ಹಿಂಗೇ ಆಗಿತ್ತು. ರಾತ್ರಿಯೆಲ್ಲ ಪಕ್ಕದಲ್ಲಿ ಕೂತೋಳು ನಾನು. ಊರಿಗೆಲ್ಲ ಗೊತ್ತು. ನನ್ನ ಮನೆ ಇಲ್ಲಿಂದ ಕೂಗಳತೆ. ಒಬ್ರಾದ್ರೂ ಬಂದು ಕೇಳಿದ್ರಾ?"

ಆಂಬುಲೆನ್ಸಿನ ಹಿಂದೆಯೇ ವೆಂಡೆಲ್ ಬಂದರು. ದೋಮ್ನಿಕಾಳನ್ನು ಪಟ್ಟಣಕ್ಕೆ ಒಯ್ದರು. ಸಂಜೆಯ ಹೊತ್ತಿಗೆ, ಅಲ್ಲಿ ಮಲಗಿರಲು ಒಪ್ಪದೆ ಹಠ ಮಾಡಿ, ಅವಳು ಗಂಡನ ಜೊತೆ ಮನೆಗೆ ಮರಳಿದ್ದಳು. ಅಷ್ಟರಲ್ಲಿ ವೆಂಡೆಲ್ ಅವಳ ಹೆಸರಿನ ನಮೂನೆಯನ್ನು ಹುಡುಕಿ ತೆಗೆದಿದ್ದರು. ‘ಇಲ್ಲ’ ಎಂಬ ಗುರುತಿನ ಮೇಲೆ ಬೆರಳಿಟ್ಟು ಉದ್ದವಾಗಿ ಉಸಿರುಬಿಟ್ಟರು.

"ದೇವರ ದಯೆ. ನೀನು ಕೇಳಿದೀಯ, ಅವಳು ಇಲ್ಲ ಅಂದಿದಾಳೆ. ನಿನ್ನ ತಪ್ಪೇನೂ ಇಲ್ಲ ಮಗು."

ಮ್ಯಾರೆನ್ ಉಳಿದ ನಮೂನೆಗಳನ್ನು ಜೋಡಿಸಿ ಕಟ್ಟಿಗೆ ದಾರ ಬಿಗಿದಳು. ಈಗಿನ ಭಯ ಮಧ್ಯಾಹ್ನದ್ದಲ್ಲ. ಅದು ಓಡಿಬಂದ ಭಯ, ಇದು ತೆವಳಿಬಂದದ್ದು. ಪೊಲೀಸರು, ಕಾಲೇಜು, ಅಮ್ಮನಿಗೆ ಹೋಗುವ ಫೋನು, ಇನ್ನೆಂದೂ ಸಿಗದ ನರ್ಸಿನ ಸಮವಸ್ತ್ರ. ಆ ‘ಇಲ್ಲ’ ಎಂಬ ಗುರುತು ಅವಳನ್ನು ಕಾಪಾಡುತ್ತಿತ್ತು, ಸುಮ್ಮನಿದ್ದರೆ ಸಾಕಿತ್ತು.

ವೆಂಡೆಲ್, ಮ್ಯಾರೆನ್, ವಿಯೋರಿಕಾ ಮೂವರೂ ದೋಮ್ನಿಕಾಳ ಮನೆಗೆ ಹೋದರು. ದಾರಿಯಲ್ಲಿ ವೆಂಡೆಲ್ ಮುಂದಿದ್ದಾಗ ಮ್ಯಾರೆನ್ ವಿಯೋರಿಕಾಳ ತೋಳು ಹಿಡಿದು ನಿಲ್ಲಿಸಿ, ಗುರುತು ಮೊದಲೇ ಹಾಕಿಟ್ಟದ್ದೆಂದೂ ಅದನ್ನು ಆ ಮನೆಯಲ್ಲಿ ಒಪ್ಪಿಕೊಳ್ಳುವೆನೆಂದೂ ಹೇಳಿದಳು.

ವಿಯೋರಿಕಾ ಮುಂದೆ ಹೋಗುತ್ತಿದ್ದ ವೆಂಡೆಲ್ ಕಡೆ ನೋಡಿ ದನಿ ತಗ್ಗಿಸಿದಳು. "ನೀವು ಕೇಳ್ಲಿಲ್ಲ ಅನ್ನೋದು ನಂಗೂ ಗೊತ್ತು. ಆದ್ರೆ ಅಲ್ಲಿ ಇದನ್ನ ಹೇಳ್ಲೇಬೇಕಾ? ನೀವು ಮುಂದಿನ ವಾರ ವಿಮಾನ ಹತ್ತುತೀರಿ. ನಾವಿಲ್ಲೇ ಇರೋರು. ಈಗ್ಲೇ ನಮ್ಮಪ್ಪನ ಗೇಟಿಗೆ ಸಗಣಿ ಎರಚ್ತಾರೆ. ನಾಳೆ ಇನ್ನೇನು ಎರಚ್ತಾರೋ."

ಮ್ಯಾರೆನ್ ಅವಳ ತೋಳು ಬಿಟ್ಟು ಮುಂದೆ ನಡೆದಳು.

ಕೋಣೆಯಲ್ಲಿ ದೋಮ್ನಿಕಾ ದಿಂಬಿಗೆ ಒರಗಿದ್ದಳು. ಮಂಚದ ಪಕ್ಕ ಗಂಡ ಗ್ರಿಗೋರೆ, ಟ್ರ್ಯಾಕ್ಟರ್ ಓಡಿಸುವವನು, ಎಣ್ಣೆ ಮೆತ್ತಿದ ಅಂಗಿಯಲ್ಲೇ ನಿಂತಿದ್ದ. ಪರಸ್ಕೋವಿಯಾ ಕಿಟಕಿಯ ಹತ್ತಿರ ಸಾರಿನ ಬಟ್ಟಲು ಹಿಡಿದು ಕೂತಿದ್ದಳು. ಗ್ರಿಗೋರೆ ಕೂಗಲಿಲ್ಲ, ಕೂಗಿದ್ದರೆ ವಾಸಿಯಿತ್ತು.

"ಒಂದೇ ಮಾತು ಹೇಳ್ಲಿ" ಎಂದ. "ಈ ಹುಡುಗಿ ಕೇಳಿದ್ಲಾ, ಇಲ್ವಾ?"

ವೆಂಡೆಲ್ ನಮೂನೆಯನ್ನು ಮುಂದೆ ಹಿಡಿದರು. ದೋಮ್ನಿಕಾ ಅದನ್ನು ನೋಡಿ, ನೆನಪು ಹುಡುಕುವವಳಂತೆ ಹುಬ್ಬು ಗಂಟಿಕ್ಕಿದಳು. "ಕೇಳಿರ್ಬೋದು ಕಣೋ" ಎಂದಳು ಒಡೆದ ದನಿಯಲ್ಲಿ. "ನಾನು ಹರಟೆ ಹೊಡೀತಿದ್ದೆ. ಕಿವಿಗೆ ಬಿದ್ದಿರಲ್ಲ."

ವಿಯೋರಿಕಾ ಪಿಸುದನಿಯಲ್ಲಿ ಅದನ್ನು ಮ್ಯಾರೆನ್‌ಗೆ ಹೇಳಿ, ಆಮೇಲೆ ತುಟಿ ಬಿಗಿಹಿಡಿದಳು. ಮ್ಯಾರೆನ್ ಗ್ರಿಗೋರೆಯ ಮುಷ್ಟಿಗಳನ್ನು ನೋಡಿದಳು. ಅನುವಾದಿಸು ಎಂದು ವಿಯೋರಿಕಾಳನ್ನು ಕೇಳಲಿಲ್ಲ. ತನಗೆ ಗೊತ್ತಿದ್ದ ಮೂವತ್ತು ಶಬ್ದಗಳಲ್ಲಿ ಬೇಕಾದ ನಾಲ್ಕು ಇದ್ದವು.

"ನಾನು ಕೇಳ್ಲಿಲ್ಲ" ಎಂದಳು ಅವರ ಭಾಷೆಯಲ್ಲಿ. ನಮೂನೆಯನ್ನು ತೋರಿಸಿದಳು. "ಇದು ಸುಳ್ಳು."

ತನ್ನ ಭಾಷೆಯಲ್ಲಿ ಅದನ್ನೇ ವೆಂಡೆಲ್ ಅವರಿಗೂ ಹೇಳಿದಳು. ವೆಂಡೆಲ್ ಅವರ ಮುಖ ಬಿಳಿಚಿಕೊಂಡಿತು. ಗ್ರಿಗೋರೆ ಒಂದು ಹೆಜ್ಜೆ ಮುಂದೆ ಬಂದ. ಮ್ಯಾರೆನ್ ಕಣ್ಣು ಮುಚ್ಚಿಕೊಂಡಳು. ಏಟು ಬೀಳಲಿಲ್ಲ. ಕಣ್ಣು ತೆರೆದಾಗ ಅವನು ಬಾಗಿಲು ತೆಗೆದು ಹಿಡಿದಿದ್ದ.

"ಹೊರಗೆ" ಎಂದ. "ಎಲ್ರೂ."

ಮರುದಿನ ಊರಿನ ಅಧ್ಯಕ್ಷರು ಔಷಧಿಯ ಮೇಜು ಮುಚ್ಚಿಸಿದರು. ವೆಂಡೆಲ್ ಕಾಲೇಜಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದರು, ಚೀಲ ಒಯ್ದು ಅವಳೊಬ್ಬಳನ್ನೇ ಬಿಟ್ಟುಹೋದ ತಮ್ಮ ತಪ್ಪನ್ನೂ ಅದರಲ್ಲಿ ಸೇರಿಸಿದರು. ಮುಂದಿನ ವರ್ಷ ಅವಳನ್ನು ತರಗತಿಗೆ ಸೇರಿಸಿಕೊಳ್ಳುವುದು ಬಿಡುವುದು ಅಲ್ಲಿನವರು ಆಮೇಲೆ ಹೇಳುತ್ತಾರಂತೆ. ಯಾರೋ ವಿಯೋರಿಕಾಳ ಮನೆಯ ಗೇಟಿನ ಮೇಲೆ ಟಾರಿನಲ್ಲಿ ‘ಕೊಲೆಗಡುಕರು’ ಎಂದು ಬರೆದರು. ಮ್ಯಾರೆನ್ ಎರಡು ದಿನ ಮೊಣಕಾಲೂರಿ ಅದನ್ನು ಸೀಮೆಎಣ್ಣೆ ಹಾಕಿ ಉಜ್ಜಿದಳು. ಹಿಂದೆ ಹೆಜ್ಜೆ ಸದ್ದಾದರೆ ಸಾಕು, ಕುತ್ತಿಗೆಯ ಕೂದಲು ನಿಮಿರುತ್ತಿತ್ತು.

ಎರಡನೇ ಮಧ್ಯಾಹ್ನ ಹೆಜ್ಜೆ ಸದ್ದು ಅವಳ ಬೆನ್ನ ಹಿಂದೆಯೇ ನಿಂತಿತು. ತಿರುಗಿದರೆ ದೋಮ್ನಿಕಾ, ಜೊತೆಗೆ ವಿಯೋರಿಕಾ. ದೋಮ್ನಿಕಾಳ ಮುಖದ ಊತ ಇನ್ನೂ ಪೂರ್ತಿ ಇಳಿದಿರಲಿಲ್ಲ. ಕೈಯಲ್ಲಿ ಕಾಗದದ ತುಂಡು ಮತ್ತು ಪೆನ್ಸಿಲು.

"ಆ ಮಾತ್ರೆ ಹೆಸ್ರು ಬರೀ" ಎಂದಳು. "ಪೆನ್ಸಿಲಿನ್ ಒಂದೇ ಅಲ್ವಂತೆ, ಅದರ ಅಣ್ತಮ್ಮಂದಿರೂ ಆಗ್ಬಾರ್ದಂತೆ. ಎಲ್ಲಾ ಬರೀ. ದೊಡ್ಡಕ್ಕೆ. ಬಿಡಿಬಿಡಿ ಅಕ್ಷರದಲ್ಲಿ."

ಮ್ಯಾರೆನ್ ಕೈ ಒರೆಸಿಕೊಂಡು, ಗೇಟಿನ ಮೇಲೆ ಕಾಗದ ಇಟ್ಟು ಬರೆದಳು. ಒಂದೊಂದು ಹೆಸರನ್ನೂ ಎರಡು ಸಲ ಓದಿ ಹೇಳಿದಳು. ದೋಮ್ನಿಕಾ ಪ್ರತಿಯೊಂದನ್ನೂ ಬಾಯಲ್ಲಿ ತಿರುಗಿಸಿ ನೋಡಿದಳು. ಕ್ಷಮೆಯ ಮಾತು ಅವಳೂ ಎತ್ತಲಿಲ್ಲ, ಮ್ಯಾರೆನ್‌ಗೆ ಕೇಳುವ ಧೈರ್ಯವೂ ಆಗಲಿಲ್ಲ.

ಕಾಗದ ಮಡಿಸಿ ಎದೆಯ ಬಳಿ ಅಂಗಿಯೊಳಗೆ ಸೇರಿಸಿಕೊಂಡು ದೋಮ್ನಿಕಾ ಹೊರಟಳು. ನಾಲ್ಕು ಹೆಜ್ಜೆ ಹೋದವಳು ನಿಂತು, ಏನನ್ನೋ ಹೇಳಿದಳು. ವಿಯೋರಿಕಾ ಮೊದಲು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡು ಅನುವಾದಿಸಿದಳು.

"ಮುಂದೆ ಯಾರ ಪಕ್ಕದಲ್ಲಾದ್ರೂ ಹಂಗೆ ಕೂತ್ಕೊಂಡ್ರೆ, ಮುಖ ಸ್ವಲ್ಪ ಸರಿ ಇಟ್ಕೋಬೇಕಂತೆ. ಗಂಟ್ಲು ಕಟ್ಟಿದ್ದಕ್ಕಿಂತ ನಿನ್ನ ಮುಖ ನೋಡಿ ಅವಳು ಜಾಸ್ತಿ ಹೆದರಿದ್ಲಂತೆ."