ಕ್ಯಾತನಹಳ್ಳಿಯ ಡೇಟಾ ಸೆಂಟರು

೧

ಮೊದಲ ವಾಕ್ಯ ಬರೆಯುವುದರಲ್ಲಿ ಇಡೀ ಮಂಡ್ಯ ಸೀಮೆಯಲ್ಲಿ ನನ್ನನ್ನು ಮೀರಿಸುವವರು ಹುಟ್ಟಿಲ್ಲ. ಈ ಕಥೆಯೊಂದಕ್ಕೇ ನಾನೂರು ಮೊದಲ ವಾಕ್ಯ ಬರೆದಿಟ್ಟಿದ್ದೇನೆ. (ನಾಲ್ಕು. ಅದರಲ್ಲೂ ಒಂದು ಅರ್ಧಕ್ಕೇ ನಿಂತಿದೆ.) ತೊಂದರೆ ಏನೆಂದರೆ ಎಲ್ಲವೂ ಅದ್ಭುತವಾಗಿವೆ. ಯಾವುದನ್ನು ಇಟ್ಟುಕೊಂಡು ಯಾವುದನ್ನು ಎಸೆಯಲಿ, ನೀವೇ ಹೇಳಿ.

ಒಂದು ಹೀಗಿದೆ: ‘ಜಗತ್ತಿನ ಅತಿ ದೊಡ್ಡ ಡೇಟಾ ಸೆಂಟರು ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಲ್ಲಿದೆ.’

ನೋಡಿದಿರಾ, ತೂಕವಿದೆ. ಆದರೆ ಇದನ್ನು ಬರೆದು ಚುಕ್ಕಿ ಇಡುವಷ್ಟರಲ್ಲಿ ನನ್ನ ಕಥಾನಾಯಕ ರಂಗಸ್ವಾಮಿ ತಕರಾರು ತೆಗೆದ.

“ಅತಿ ದೊಡ್ಡ ಅಂತ ನಾನ್ ಯಾವತ್ತೂ ಅಂದಿಲ್ಲ ಸ್ವಾಮಿ. ‘ನಮ್ ಡೇಟಾ ಸೆಂಟ್ರು’ ಅಂದೆ, ಅಷ್ಟೇಯ. ದೊಡ್ಡದು ಮಾಡ್ದೋರು ನೀವು.”

“ಹನ್ನೊಂದು ವರ್ಷ ಜನರನ್ನು ನಂಬಿಸಿದ್ದು ಯಾರಪ್ಪಾ?”

“ನಂಬ್ಕೊಂಡ್ರು. ನಾನ್ ಸುಮ್ನಿದ್ದೆ.”

ಹೀಗೆ ಸುಮ್ಮನಿದ್ದವನ ಕಥೆ ಇದು. ಆ ವಾಕ್ಯವನ್ನು ಹೊಡೆದುಹಾಕಿದ್ದೇನೆ. ನೀವು ಓದಿಬಿಟ್ಟಿದ್ದೀರಿ, ಅದಕ್ಕೆ ನಾನು ಹೊಣೆಯಲ್ಲ.

೨

‘ಕೀಲಿಮಣೆ ಕಟ್ಟೆ’ ಎಂಬುದು ಇಂಟರ್‌ನೆಟ್ಟಿನಲ್ಲಿರುವ ಒಂದು ಹರಟೆಯ ತಾಣ. ಕಂಪ್ಯೂಟರು, ಮೊಬೈಲು, ಸಾಫ್ಟ್‌ವೇರು ಎಂದರೆ ಊಟ ಮರೆಯುವ ಜನ ಅಲ್ಲಿ ಕೂತು ಕನ್ನಡದಲ್ಲಿ ಜಗಳವಾಡುತ್ತಾರೆ. ಸದಸ್ಯರು ಅರವತ್ತನಾಲ್ಕು ಸಾವಿರ. (ಸಾವಿರವನ್ನು ಬಿಟ್ಟು ಓದಿಕೊಳ್ಳಿ.) ಲಿನಕ್ಸ್ ಮೇಲೋ ವಿಂಡೋಸ್ ಮೇಲೋ ಎಂದು ಅಲ್ಲಿ ನಡೆದ ಕದನದ ಮುಂದೆ ಶ್ರೀರಂಗಪಟ್ಟಣದ ಕೋಟೆಗೆ ಬಿದ್ದ ಮುತ್ತಿಗೆ ಬರೀ ತಳ್ಳಾಟ. ಫೋನಿನ ಬ್ಯಾಟರಿಯನ್ನು ಬಿಚ್ಚಲು ಬರುತ್ತಿದ್ದ ಕಾಲವೇ ಒಳ್ಳೆಯದಿತ್ತು ಎಂಬ ಒಂದು ಮಾತಿಗೆ ಮುನ್ನೂರ ಎಂಬತ್ತು ಉತ್ತರ ಬಂದಿವೆ. ಇದು ಮಾತ್ರ ನಿಜವಾದ ಲೆಕ್ಕ.

ಈ ಕಟ್ಟೆ ವಾಸವಾಗಿರುವ ಕಂಪ್ಯೂಟರು, ಅಂದರೆ ಸರ್ವರ್, ರಂಗಸ್ವಾಮಿಯದು. ಅವನು ಕ್ಯಾತನಹಳ್ಳಿಯಲ್ಲಿ ಆಲೆಮನೆ ನಡೆಸುತ್ತಾನೆ. ಕಬ್ಬು ಅರೆದು, ಹಾಲು ಕಾಯಿಸಿ, ಬೆಲ್ಲ ಮಾಡುತ್ತಾನೆ. ಊರಿನಲ್ಲಿ ಅವನ ಕಂಪ್ಯೂಟರ್ ಮಾತಿಗೆ ಕಿವಿಗೊಡುವವರು ಒಬ್ಬರೂ ಇಲ್ಲ. ಕಟ್ಟೆಯಲ್ಲಿ ಮಾತ್ರ ಅವನು ಎಲ್ಲರಿಗೂ ‘ಯಜಮಾನರು’. ಬೆಳಗ್ಗೆ ಒಲೆ ಹಚ್ಚುವ ಮೊದಲು ಹಿಂದಿನ ದಿನದ ಜಗಳ ಓದುತ್ತಾ ಕಾಫಿ ಕುಡಿಯುತ್ತಾನೆ. ಅಷ್ಟೂ ಜನ ತನ್ನ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾರೆ ಅನ್ನಿಸುತ್ತದೆ. ಅವನ ದಿನ ತುಂಬಲು ಅಷ್ಟು ಸಾಕು.

ಈಗ ಆ ಜಗಲಿ ಖಾಲಿಯಾಗುವುದರಲ್ಲಿದೆ.

೩

(ಇಲ್ಲಿ ರಂಗಸ್ವಾಮಿಯ ಬಾಲ್ಯವಿತ್ತು. ಮೂರು ಪುಟ. ಅವನ ಹೆಂಡತಿ ಪವಿತ್ರ ಓದಿ, “ಇದೆಲ್ಲ ಯಾರ್ ಕೇಳಿದ್ರು?” ಎಂದಳು. ತೆಗೆದಿದ್ದೇನೆ.)

೪

ಕಟ್ಟೆಗೆ ಒಂದು ವಿಚಿತ್ರ ಅಭ್ಯಾಸ. ದಿನವೂ ಬೆಳಗ್ಗೆ ಹತ್ತರಿಂದ ಒಂದರವರೆಗೆ ಅದು ತೆರೆಯುವುದೇ ಇಲ್ಲ. ಮೊದಲ ವರ್ಷ ಯಾರೋ ಕೇಳಿದಾಗ ರಂಗಸ್ವಾಮಿ ಒಂದೇ ಪದದಲ್ಲಿ ಉತ್ತರ ಕೊಟ್ಟಿದ್ದ: “ನಿರ್ವಹಣೆ.”

ಆ ಒಂದು ಪದವನ್ನು ಹಿಡಿದು ಕೆ.ಆರ್. ಪೇಟೆಯ ನಾಗಾರ್ಜುನ ನಲವತ್ತು ಪ್ಯಾರಾ ಬರೆದ. ಅವನು ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವವನು, ಕಟ್ಟೆಯ ಮಹಾ ಜಗಳಗಂಟ. ಅವನ ಪ್ರಕಾರ ಯಂತ್ರಕ್ಕೂ ವಿಶ್ರಾಂತಿ ಬೇಕು. ದಿನಕ್ಕೆ ಮೂರು ಗಂಟೆ ಮಲಗಿದ ಸರ್ವರಿನ ಆಯಸ್ಸು ಇಮ್ಮಡಿಯಾಗುತ್ತದೆ. ಕ್ಯಾತನಹಳ್ಳಿಯ ಯಜಮಾನರಿಗೆ ಇದು ಗೊತ್ತು, ದೊಡ್ಡ ದೊಡ್ಡ ಕಂಪನಿಗಳಿಗೆ ಗೊತ್ತಿಲ್ಲ. ‘ವಿಶ್ರಾಂತಿ ಸಿದ್ಧಾಂತ’ ಎಂಬ ಹೆಸರಿನಲ್ಲಿ ಅದು ಬೇರೆ ತಾಣಗಳಿಗೂ ಹಬ್ಬಿತು. ನಾಗಾರ್ಜುನ ತನ್ನ ಕೇಂದ್ರದ ಕಂಪ್ಯೂಟರುಗಳನ್ನೂ ದಿನಕ್ಕೆ ಮೂರು ಗಂಟೆ ಮಲಗಿಸುತ್ತಾನೆ. ಆ ಹೊತ್ತಿನಲ್ಲಿ ಮಕ್ಕಳು ನೋಟ್ಸ್ ಬರೆದುಕೊಳ್ಳುತ್ತವೆ.

ನಿಜ ಸಂಗತಿ ಹೀಗೆ. ಇಂಟರ್‌ನೆಟ್ಟಿನ ತಂತಿ ಬಂದಿರುವುದು ರಸ್ತೆ ಬದಿಯ ಆಲೆಮನೆಯ ತನಕ. ಹಾಗಾಗಿ ಸರ್ವರ್ ಕೂಡ ಅಲ್ಲೇ, ಅಟ್ಟದ ಮೇಲೆ, ಬೆಲ್ಲದ ಅಚ್ಚುಗಳ ಪಕ್ಕ ಕೂತಿದೆ. ಗಾಣದ ಮೋಟಾರಿಗೂ ಅದಕ್ಕೂ ಒಂದೇ ಲೈನು. ಹತ್ತರಿಂದ ಒಂದರವರೆಗೆ ಮೂರು ಫೇಸಿನ ಕರೆಂಟು ಬಂದು ಗಾಣ ತಿರುಗಿದ ಕೂಡಲೇ ವೋಲ್ಟೇಜು ಕುಸಿದು ಸರ್ವರ್ ಮಲಗುತ್ತದೆ. ಗಾಣ ನಿಂತರೆ ಏಳುತ್ತದೆ.

“ಸರಿ ಮಾಡಿಸಬಹುದಿತ್ತಲ್ಲ?” ಎಂದು ಕೇಳಿದೆ.

“ಮಾಡ್ಸನ ಅಂತಿದ್ದೆ ಸ್ವಾಮಿ. ಅಷ್ಟೊತ್ಗೆ ಆ ನಾಗಾರ್ಜುನ ಸಿದ್ಧಾಂತ ಬರ್ದ್‌ಬುಟ್ಟ. ಆಮ್ಯಾಕೆ ಎಂಗ್ ಮಾಡ್ಸದು? ಅವ್ನ ಮರ್ಯಾದೆ ಪ್ರಶ್ನೆ ಅಲ್ವಾ.”

ಇಂಥ ತಪ್ಪು ಮಾಡಲು ಬುದ್ಧಿ ಬೇಕು. ಅದನ್ನು ಹನ್ನೊಂದು ವರ್ಷ ಕಾಪಾಡಲು ದೊಡ್ಡ ಮನಸ್ಸು ಬೇಕು.

೫

ಬಡಾಯಿ ಯಾವಾಗ ತಿರುಗಿ ಬೀಳುತ್ತದೋ ಗೊತ್ತಾಗುವುದಿಲ್ಲ. ಹೋದ ತಿಂಗಳು ಕೃತಕ ಬುದ್ಧಿಮತ್ತೆ ಬರೆದ ಕೋಡು ಕೋಡೇ ಹೌದೋ ಅಲ್ಲವೋ ಎಂಬ ಚರ್ಚೆಯಲ್ಲಿ ರಂಗಸ್ವಾಮಿ ಸ್ವಲ್ಪ ಸೋತ. ಸೋತ ಸಿಟ್ಟಿಗೆ, “ನಮ್ಮ ಡೇಟಾ ಸೆಂಟರಿನ ನೀಲಿ ದೀಪಗಳ ಮುಂದೆ ನಿಂತು ನೋಡಿದರೆ ನಿಮಗೆಲ್ಲ ಗೊತ್ತಾಗುತ್ತದೆ” ಎಂದು ಬರೆದುಬಿಟ್ಟ. ನಾಗಾರ್ಜುನ ಅದನ್ನೇ ಹಿಡಿದುಕೊಂಡ. ಒಂದು ಫೋಟೋ ಕೇಳಿದ. ಫೋಟೋ ಬರಲಿಲ್ಲ. ಅವನು ಗೊತ್ತುವಳಿ ಹಾಕಿದ: ಕಟ್ಟೆಯನ್ನು ಬೇರೆ ಕಡೆಯ ಬಾಡಿಗೆ ಸರ್ವರಿಗೆ ಸಾಗಿಸಬೇಕು.

ಮತದಾನ ಶುರುವಾಯಿತು. ಸಾಗಿಸಲಿ ಎಂದವರು ಮೂವತ್ತೆರಡು, ಬೇಡ ಎಂದವರು ಮೂವತ್ತೊಂದು. ಯಜಮಾನರಿಗೆ ಮತವಿಲ್ಲ. ಭಾನುವಾರ ನಾಲ್ಕು ಗಂಟೆಗೆ ನಾಗಾರ್ಜುನ ಕಟ್ಟೆಯೊಳಗೆ ಹೋಗಿ ‘ಮುಕ್ತಾಯ’ ಎಂಬ ಗುಂಡಿ ಒತ್ತಬೇಕು. ಒತ್ತಿದರೆ ತೀರ್ಮಾನ ಆದ ಹಾಗೆ. ಆದರೆ ಅದಕ್ಕೆ ಮೊದಲು ತಾನೇ ಬಂದು ನೋಡುತ್ತೇನೆ, ಡೇಟಾ ಸೆಂಟರು ಹೇಳಿದಂತೆಯೇ ಇದ್ದರೆ ಗೊತ್ತುವಳಿ ವಾಪಸು ಎಂದ. ಸಾಕ್ಷಿಗೆ ನಾಗಮಂಗಲ ತಾಲ್ಲೂಕಿನ ಹೊಣಕೆರೆಯ ಸಹನ ಬರುತ್ತಾಳೆ. ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವಳು, ಕಟ್ಟೆಯ ಸದಸ್ಯೆ.

ರಂಗಸ್ವಾಮಿ ಶನಿವಾರ ಇಡೀ ದಿನ ಉಣ್ಣಲಿಲ್ಲ. (ಉಂಡ. ಮುದ್ದೆ ಒಂದೇ ಉಂಡ. ಅವನ ಮಟ್ಟಿಗೆ ಅದು ಉಪವಾಸ.)

೬

ಭಾನುವಾರ. ಆಲೆಮನೆಯ ಹಿಂದೆ ತೋಟ, ತೋಟದ ಹಿಂದೆ ಮನೆ, ಮನೆಯಲ್ಲಿ ರಾಗಿ ಮೂಟೆ ಇಡುವ ಕೋಣೆ. ಆ ಕೋಣೆಯೇ ಈಗ ಡೇಟಾ ಸೆಂಟರು. ಕೆಟ್ಟ ಸ್ಟೆಬಿಲೈಸರುಗಳು, ಮೂರು ಹಳೇ ಸೆಟ್‌ಟಾಪ್ ಬಾಕ್ಸು, ಒಂದು ಇನ್ವರ್ಟರು. ಎಲ್ಲದರ ಮೇಲೂ ನೀಲಿ ಸೀರಿಯಲ್ ಸೆಟ್ಟು ಮಿಣುಕುತ್ತಿತ್ತು.

“ಗೌರಿ ಹಬ್ಬುಕ್ ತಂದ ದೀಪ ಅದು,” ಎಂದಳು ಪವಿತ್ರ. “ಬಂದೋರ್ ಮುಂದೆ ನಾನೇನ್ ಅನ್ಲಿ? ಸರ್ವರ್‌ಗೂ ಬಾಗಿನ ಕೊಟ್ಟಿವಿ ಅನ್ಲಾ?”

“ನೀನ್ ಏನೂ ಅನ್‌ಬ್ಯಾಡ. ಕಾಫಿ ಮಾತ್ರ ಕೊಡು.”

ಆಲೆಮನೆಯಲ್ಲಿ ಪಾಕದ ಹದ ನೋಡುವ ಹಿರಿಯ ಚಲುವಯ್ಯನಿಗೆ ಅವನು ಬೆಳಗ್ಗೆಯೇ ಹೇಳಿದ್ದ: ಹೊತ್ತು ಮುಳುಗುವ ತನಕ ಗಾಣ ಹಾಕಬೇಡ. ಆವತ್ತು ಹತ್ತಕ್ಕೆ ಬರಬೇಕಾದ ಮೂರು ಫೇಸಿನ ಕರೆಂಟು ಬಂದೇ ಇರಲಿಲ್ಲ, ಹಾಗಾಗಿ ಚಲುವಯ್ಯ ತಲೆಯಾಡಿಸಿದ್ದ.

ನಾಗಾರ್ಜುನ, ಸಹನ ಎರಡಕ್ಕೆ ಬಂದರು. ಕಟ್ಟೆಯ ಮೇಲೆ ಒಬ್ಬರಿಗೊಬ್ಬರು ‘ಅಜ್ಞಾನಿ’, ‘ಹಳೇ ಪ್ರೊಸೆಸರ್’ ಎಂದೆಲ್ಲ ಬರೆದುಕೊಂಡ ನಾಗಾರ್ಜುನ, ರಂಗಸ್ವಾಮಿ ಇಬ್ಬರೂ ಎದುರಾದಾಗ “ಬನ್ನಿ ಸಾರ್”, “ಇರ್ಲಿ ಸಾರ್” ಎಂದು ನಾಚಿಕೊಂಡರು. ನೀಲಿ ದೀಪ ಕಂಡು ನಾಗಾರ್ಜುನ ಚಪ್ಪಲಿ ಬಿಟ್ಟ. ಮಿಣುಕುವುದನ್ನು ಎರಡು ನಿಮಿಷ ನೋಡಿ, ಮೊಬೈಲಿನಲ್ಲಿ ಕಟ್ಟೆ ತೆರೆದು, “ಲೈವ್ ಬರಿತೀನಿ: ನಾನೀಗ ಡೇಟಾ ಸೆಂಟರಿನ ಒಳಗಿದ್ದೇನೆ” ಎಂದು ಬೆರಳಾಡಿಸತೊಡಗಿದ.

ದೂರದಲ್ಲಿ ಗಡಗಡ ಸದ್ದು ಕೇಳಿಸಿತು.

ನಾಗಾರ್ಜುನನ ಬೆರಳು ನಿಂತಿತು. “ಕಟ್ಟೆ ಬಿದ್ದೋಯ್ತು.”

“ನಿರ್ವಹಣೆ,” ಎಂದ ರಂಗಸ್ವಾಮಿ.

ಸಹನ ನೀಲಿ ದೀಪಗಳನ್ನೇ ನೋಡುತ್ತಿದ್ದಳು. “ಅಣ್ಣ, ಸರ್ವರ್ ಬಿದ್ರೂವೆ ದೀಪ ಅಂಗೇ ಉರೀತಾವಲ್ಲ.” ಬಾಗಿ ನೋಡಿದಳು. ಮೂಟೆಯ ಹಿಂದಿನಿಂದ ಒಂದೇ ಒಂದು ನೆಟ್ ಕೇಬಲ್ಲು ಕಿಟಕಿಯಿಂದಾಚೆ ಹೋಗಿತ್ತು. ಅವಳು ಅದನ್ನು ಹಿಡಿದು ಹೊರಟಳು. ತೆಂಗಿನ ಮರಗಳಿಗೆ ಸುತ್ತಿ ಸುತ್ತಿ ಅದು ತೋಟ ದಾಟಿತು. ಉಳಿದಿಬ್ಬರೂ ಹಿಂದೆ ಹಿಂದೆ ನಡೆದರು.

(ಈ ನಡಿಗೆಯನ್ನು ನಾನು ಹನ್ನೆರಡು ಪುಟ ಬರೆದಿದ್ದೆ. ಪ್ರತಿ ಮರಕ್ಕೂ ಒಂದು ಪಶ್ಚಾತ್ತಾಪ. ರಂಗಸ್ವಾಮಿ, “ಇರೋದೇ ಒಂಬತ್ತ್ ಮರ ಸ್ವಾಮಿ, ಬೇಗ ಮುಗ್ಸಿ, ಎದೆ ಒಡ್ಕತಾದೆ,” ಎಂದ. ಮುಗಿಸಿದೆ.)

೭

ಆಲೆಮನೆಯಲ್ಲಿ ಗಾಣ ಭರ್ಜರಿಯಾಗಿ ತಿರುಗುತ್ತಿತ್ತು.

“ಏನ್ಲಾ ರಂಗ, ಮೊಖ ಯಾಕ್ಲಾ ಅಂಗಾಗದೆ?” ಎಂದ ಚಲುವಯ್ಯ. “ಕಬ್ ಕಡ್ದು ಎರಡ್ ದಿನಾಯ್ತು. ಈಗ ಕರೆಂಟ್ ಬಂತು, ಹಾಕ್‌ಬುಟ್ಟೆ. ನಿನ್ ಮಾತ್ ಕೇಳ್ಕೊಂಡ್ ಒಣಗ್ಸಕಾಯ್ತದಾ?”

ಕೇಬಲ್ಲು ಅಟ್ಟ ಹತ್ತಿತ್ತು. ಸಹನ ಏಣಿ ಹತ್ತಿದಳು. ಒಂದು ಕಪ್ಪು ಪೆಟ್ಟಿಗೆ, ಬೆಲ್ಲದ ಹೊಗೆಗೆ ಅಂಟಂಟಾಗಿ, ಮಲಗಿತ್ತು. ಅವಳು ಮೇಲಿಂದಲೇ ಕೂಗಿದಳು: “ಚಲುವಯ್ಯಾರೇ, ವಸಿ ಗಾಣ ನಿಲ್ಸಿ.” ನಿಂತಿತು. ಪೆಟ್ಟಿಗೆ ಗುರ್ ಎಂದಿತು. ಕಟ್ಟೆ ತೆರೆಯಿತು. “ಈಗ ಹಾಕಿ.” ಕಟ್ಟೆ ಬಿತ್ತು.

ನಾಗಾರ್ಜುನ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕುಕ್ಕರಿಸಿದ. ರಂಗಸ್ವಾಮಿ ಅವನ ಬೈಗುಳಕ್ಕೆ ತಯಾರಾಗಿ ಕೈಕಟ್ಟಿ ನಿಂತ. ಬೈಗುಳ ಬರಲಿಲ್ಲ.

“ನಲವತ್ ಪ್ಯಾರಾ ಬರೆದಿದ್ದೀನಲ್ರೀ ನಾನು,” ಎಂದ ನಾಗಾರ್ಜುನ.

“ಚೆಂದಾಗ್ ಬರ್ದಿದ್ರಿ ಸಾರ್. ನಾನೇ ಮೂರ್ ಸಲ ಓದಿದ್ದೆ.”

“ನಮ್ ಸೆಂಟರ್ ಮಕ್ಳು ಮೂರ್ಮೂರ್ ಗಂಟೆ ನೋಟ್ಸ್ ಬರೀತಾವಲ್ರೀ.”

“ಅಕ್ಷರ ದುಂಡಗಾಗಿರ್ತದೆ ಬುಡಿ.”

ಏಣಿಯ ಮೇಲೆ ಸಹನಳಿಗೆ ನಗು ತಡೆಯಲಾಗಲಿಲ್ಲ. ಅವಳು ಬಿದ್ದಾಳೆಂದು ಚಲುವಯ್ಯ ಏಣಿ ಹಿಡಿದುಕೊಂಡ.

ಆಲೆಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವ ಪದ್ಧತಿ ಇಲ್ಲ, ಅವರು ಮಾಲೀಕನ ಮಾನ ತೆಗೆಯಲು ಬಂದಿದ್ದರೂ ಸರಿಯೇ. ಚಲುವಯ್ಯ ಶುಂಠಿ, ನಿಂಬೆ ಹಿಂಡಿದ ಕಬ್ಬಿನ ಹಾಲು ಕೊಟ್ಟ. ಮುತ್ತುಗದ ಎಲೆಯ ಮೇಲೆ ಬಿಸಿ ಬೆಲ್ಲ ಇಟ್ಟ. ನಾಗಾರ್ಜುನ ಬೇಡವೆನ್ನುತ್ತಲೇ ತಿಂದ. ಮತ್ತೆ ಕೈ ಚಾಚಿದ.

“ನಾನ್ ಇಂಥ ಗುಂಪು ಇನ್ನೂ ನಾಕ್ರಲ್ ಇದ್ದೆ,” ಎಂದಳು ಸಹನ, ಬೆರಳು ನೆಕ್ಕುತ್ತಾ. “ಆಂಡ್ರಾಯ್ಡ್, ಐಫೋನ್ ಅಂತ ಬೈದಾಡ್ಕೊಂಡು ನಾಕೂ ಒಡ್ದೋದ್ವು. ನಮ್ದೊಂದೇ ಉಳ್ಕೊಂಡಿರದು. ಹತ್ತ್ ಗಂಟೆಗೆ ಜಗಳ ಕಾವೇರ್ತದೆ, ಕಟ್ಟೆ ಬಿದ್ದೋಯ್ತದೆ. ಒಂದ್ ಗಂಟೆಗ್ ಬಂದ್ರೆ ಊಟ ಆಗಿರ್ತದೆ, ಯಾರ್ಗೂ ಬೈಯೋ ಮನಸಿರಲ್ಲ.”

“ಅದುನ್ನೇ ನಾನ್ ಬರ್ದಿದ್ದು,” ಎಂದ ನಾಗಾರ್ಜುನ. “ವಿಶ್ರಾಂತಿ.”

“ನೀವ್ ಬರ್ದಿದ್ದು ಮಿಷನ್‌ಗೆ ಸಾರ್.”

೮

ಇನ್ನು ಅಂತ್ಯ. ನನ್ನಲ್ಲಿ ಅಂತ್ಯಗಳ ಉಗ್ರಾಣವೇ ಇದೆ.

ಅಂತ್ಯ ಒಂದು: ನಾಗಾರ್ಜುನ ಎಲ್ಲವನ್ನೂ ಕಟ್ಟೆಯಲ್ಲಿ ಬರೆದುಹಾಕುತ್ತಾನೆ, ಸಿದ್ಧಾಂತ ಮಣ್ಣಾಗುತ್ತದೆ, ಸತ್ಯಕ್ಕೆ ಜಯ. ನಾಗಾರ್ಜುನ ನನ್ನನ್ನು ಕೆಕ್ಕರಿಸಿ ನೋಡಿದ. ಹರಿದುಹಾಕಿದೆ.

ಅಂತ್ಯ ಎರಡು: ಸಹನ ಯು.ಪಿ.ಎಸ್. ತಂದು ಜೋಡಿಸುತ್ತಾಳೆ, ಕಟ್ಟೆ ಇನ್ನೆಂದೂ ಬೀಳುವುದಿಲ್ಲ. “ಆಮ್ಯಾಕೆ ಜಗಳ ಯಾವಾಗ್ ನಿಲ್ತದೆ?” ಎಂದು ಅವಳೇ ಕೇಳಿದಳು. ಅದೂ ಹೋಯಿತು.

ಅಂತ್ಯ ಮೂರು: ರಂಗಸ್ವಾಮಿ ಅಳುತ್ತಾನೆ. ಇದನ್ನು ಬರೆಯಲು ಕೂತಾಗ ಅವನು ಬಂದು ನನ್ನ ಕೈ ಹಿಡಿದ. “ಸ್ವಾಮಿ, ನಾನೇ ಬರೀತೀನಿ ಕಟ್ಟೇಲಿ. ಇಂಗಿಂಗೆ, ಡೇಟಾ ಸೆಂಟರಲ್ಲ, ಆಲೆಮನೆ ಅಂತ. ಕಟ್ಟೆ ಓದ್ರೂ ಓಗ್ಲಿ. ನಂಗೂ ಸಾಕಾಗದೆ.” ಹೇಳಿ ಅವನು ಮೊಬೈಲು ತೆಗೆದ. ಟೈಪು ಮಾಡಿದ. ಕಳಿಸು ಎಂದು ಒತ್ತಿದ. ಹೋಗಲಿಲ್ಲ. ಗಾಣ ತಿರುಗುತ್ತಿತ್ತು.

“ಏನ್ ಬರ್ದಿದ್ದೀರಿ, ತೋರ್ಸಿ,” ಎಂದು ನಾಗಾರ್ಜುನ ಮೊಬೈಲು ಇಸಿದುಕೊಂಡು ಓದಿದ. ಎರಡು ಸಲ ಓದಿದ. ಅಳಿಸಲಿಲ್ಲ. ಹಾಗೆಯೇ ವಾಪಸು ಕೊಟ್ಟು ಗಂಟೆ ನೋಡಿದ. ಮೂರು ಐವತ್ತು.

“ಚಲುವಯ್ಯಾರೇ, ಇನ್ನೆಷ್ಟದೆ ಕಬ್ಬು?”

“ಒಂದ್ ಹತ್ತ್ ಹೊರೆ ಇರ್ಬೋದು ಸಾ.”

ನಾಗಾರ್ಜುನ ಎದ್ದು ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಿಸಿದ. ಒಂದು ಹೊರೆ ಎತ್ತಿ ಗಾಣದ ಬಾಯಿಗೆ ಕೊಟ್ಟ. ಇನ್ನೊಂದು ಎತ್ತಿದ. ರಂಗಸ್ವಾಮಿ, ಅರ್ಥವಾದ ಮೇಲೆ, ಚಿನಕುರಳಿಯಿಂದ ಕಬ್ಬು ತರುವ ಕೆಂಪಣ್ಣನಿಗೆ ಫೋನು ಹಾಕಿದ. “ಕೆಂಪಣ್ಣ, ನಾಳೆ ತತ್ತೀನಿ ಅಂದಿದ್ದ ಲೋಡು ಇವತ್ತೇ ತಂದ್‌ಬುಡು. ಊಂ ಕಣಪ್ಪ, ಈಗ್ಲೇಯ.”

ನಾಲ್ಕಾಯಿತು. ನಾಲ್ಕೂಕಾಲಾಯಿತು. ಉಳಿದ ಅರವತ್ತೊಂದು ಮತದಾರರು ಎಲ್ಲೆಲ್ಲೋ ಕೂತು ಪುಟವನ್ನು ಮತ್ತೆ ಮತ್ತೆ ಎಳೆದು ನೋಡುತ್ತಿರಬೇಕು. ನಾಲ್ಕಕ್ಕೆ ಮುಕ್ತಾಯ ಒತ್ತದಿದ್ದರೆ ಏನು ಗತಿ ಎಂದು ನಿಯಮದಲ್ಲಿ ಬರೆದಿಲ್ಲ. ಅದರ ಮೇಲೇ ಒಂದು ವರ್ಷ ಚರ್ಚೆ ಮಾಡಬಹುದು.

ನಾನೋ ಕಥೆ ಮುಗಿಸಬೇಕಾದವನು. ನಾಗಾರ್ಜುನನ ಹಿಂದೆ ಹಿಂದೆ ತಿರುಗಿದೆ. “ಸಾರ್, ಓದುಗರು ಕಾಯುತ್ತಿದ್ದಾರೆ. ಗಾಣ ನಿಲ್ಲಿಸಿ, ಆ ಗುಂಡಿ ಒತ್ತಿಬಿಡಿ, ಒಂದು ಸಾಲು ಬರೆದು ನಾನು ಹೊರಡುತ್ತೇನೆ.”

“ಕಟ್ಟೆ ಇಲ್ವಲ್ಲ ಸ್ವಾಮಿ, ಎಲ್ಲಿ ಒತ್ಲಿ?” ಎಂದ ಅವನು. ಕೆನ್ನೆಗೆ ಬೆಲ್ಲ ಮೆತ್ತಿತ್ತು. “ಸುಮ್ನೆ ಯಾಕ್ ನಿಂತಿದ್ದೀರಿ? ಆ ಕಡೆ ತುದಿ ಹಿಡ್ಕಳಿ.”

ಪೆನ್ನು ಜೇಬಿಗಿಟ್ಟು ಹಿಡಿದುಕೊಂಡೆ. ಒಂದು ಹೊರೆ ಏನಿಲ್ಲವೆಂದರೂ ಎರಡು ಟನ್ನು ಇತ್ತು. ಅದನ್ನು ಗಾಣಕ್ಕೆ ಕೊಟ್ಟು ತಿರುಗಿ ನೋಡಿದರೆ ಕೆಂಪಣ್ಣನ ಟ್ರಾಕ್ಟರು ರಸ್ತೆಯಿಂದ ಒಳಕ್ಕೆ ಹೊರಳುತ್ತಿತ್ತು, ಕಬ್ಬು ಆಕಾಶದ ತನಕ ತುಂಬಿಕೊಂಡು. ಆಕಾಶದ ತನಕವೇ. ಈ ಮಾತಿಗೆ ಮಾತ್ರ ರಂಗಸ್ವಾಮಿ ತಕರಾರು ತೆಗೆಯಲಿಲ್ಲ