ಮೂರನೇ ಕಾಲು

ತಂಗಿ ಮತ್ತೆ ಫೋನ್ ಕಟ್ ಮಾಡಿದಾಗ ಸ್ಕೋಪಣ್ಣನಿಗೆ ಪಿತ್ತ ನೆತ್ತಿಗೇರಿತು. ಬೆಳಿಗ್ಗೆಯಷ್ಟೇ ಅವಳ ಗಂಡನಿಗೆ ತನ್ನ ಸಂಗ್ರಹದಿಂದ ಒಂದು ಆಸಿಲೋಸ್ಕೋಪನ್ನು ಪುಕ್ಕಟೆ ಎತ್ತಿ ಕೊಟ್ಟಿದ್ದಾನೆ. ಹೊಗಳುವುದು ಬೇಡ, ಫೋನಾದರೂ ಎತ್ತಬಾರದೇ?

ಟಿವಿ, ರೇಡಿಯೊ ರಿಪೇರಿ ಅವನ ಕಸುಬು. ಆದರೆ ಅವನ ಜೀವ ಇದ್ದದ್ದು ಮನೆಯ ಮುಂದಿನ ಕೋಣೆಯಲ್ಲಿ. ಅಲ್ಲಿ ನೆಲದಿಂದ ಅಟ್ಟದವರೆಗೆ ಹಳೇ ಸ್ಕೋಪುಗಳು. ಕರೆಂಟಿನ ಕುಣಿತವನ್ನು ದುಂಡು ಗಾಜಿನ ಮೇಲೆ ಹಸಿರು ಗೆರೆಯಾಗಿ ತೋರಿಸುವ ಭಾರದ ಕಬ್ಬಿಣದ ಪೆಟ್ಟಿಗೆಗಳು. ಕಾರ್ಖಾನೆಯವರು, ಕಾಲೇಜಿನವರು ಗುಜರಿಗೆ ಎಸೆದದ್ದನ್ನೆಲ್ಲ ಹೊತ್ತು ತಂದು, ತೊಳೆದು, ಬದುಕಿಸಿ ಇಟ್ಟಿದ್ದ. ಬೀದಿಯವರು ಸ್ಕೋಪಣ್ಣ ಎಂದು ಹೆಸರಿಟ್ಟದ್ದು ಅದಕ್ಕೇ. ಅವನಿಗೂ ಆ ಹೆಸರು ಒಳಗೊಳಗೆ ಇಷ್ಟವೇ.

ತಂಗಿಯ ಗಂಡ ಬಸ್ ಡ್ರೈವರ್ ಆಗಿದ್ದವನು. ಹೋದ ವರ್ಷ ಕಾಲು ಮುರಿದು, ಸ್ಟೀಲಿನ ಊರುಗೋಲು ಹಿಡಿದು ಮನೆ ಸೇರಿದ್ದ. ಕೂತು ಕೂತು ತಲೆ ಕೆಟ್ಟು, ಕೊನೆಗೆ ಆಂಪ್ಲಿಫೈಯರ್ ರಿಪೇರಿ ಕಲಿಯುತ್ತೇನೆಂದು ಹೊರಟಿದ್ದ. ತಂಗಿ ಬಂದು, "ಅಣ್ಣ, ಇವರಿಗೂ ಒಂದು ಗೆರೆ ಪೆಟ್ಟಿಗೆ ಕೊಡು, ಮುಖದಲ್ಲಿ ಒಂಚೂರು ಕಳೆ ಬರಲಿ," ಎಂದು ಗೋಗರೆದಿದ್ದಳು.

"ನೋಡು ನಿನ್ನ ನಾದಿನಿಗೆ ಎಷ್ಟು ಸೊಕ್ಕು," ಎಂದ ಸ್ಕೋಪಣ್ಣ ಹೆಂಡತಿಗೆ.

ಹೆಂಡತಿ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ. "ಫೋನ್ ಎತ್ತಿದ್ರೆ ಆಶ್ಚರ್ಯ ಪಡ್ತಿದ್ದೆ. ಕಾಲು ಮುರ್ಕೊಂಡು ಕೂತಿರೋ ಮನುಷ್ಯನ ಕೈಗೆ ಪೆಟ್ಟಿಗೆ ಕೊಟ್ಟು, ಎಲ್ಲರ ಎದುರಿಗೆ 'ಹುಷಾರು, ಕುಂಟ' ಅಂದ್ರಲ್ಲ."

"ನಾನು ಅಂದಿದ್ದು ಸ್ಕೋಪಿಗೆ ಕಣೇ."

"ಸ್ಕೋಪಿಗೆ ಕಾಲು ಯಾವಾಗ ಬಂತು?"

ಸ್ಕೋಪಣ್ಣನಿಗೆ ನಗು ಬಂತು. ಕುಂಟ ಎನ್ನುವುದು ಅವನಿಗೆ ಕೆಲಸ ಕಲಿಸಿದ ಮುದುಕನ ಮಾತು. ಪ್ಲಗ್ಗಿಗೆ ಮೂರು ಕಾಲು. ಮೂರನೆಯದು, ದಪ್ಪನೆಯದು, ಅರ್ತಿಂಗಿನದು. ಪೆಟ್ಟಿಗೆಯ ಮೈಗೆ ಕರೆಂಟು ಸೋರಿದರೆ ಅದನ್ನು ನೆಲಕ್ಕೆ ಎಳೆದು, ಫ್ಯೂಸು ಹಾರಿಸಿ, ಮುಟ್ಟುವವನ ಜೀವ ಉಳಿಸುವುದು ಆ ಕಾಲು. ಹಳೇ ಪೆಟ್ಟಿಗೆಗಳು ಸೋರುವುದು ಜಾಸ್ತಿ. ಪದೇ ಪದೇ ಫ್ಯೂಸು ಹಾರಿ ರೇಗಿದಾಗ ಸ್ಕೋಪಣ್ಣ ಪ್ಲಗ್ಗು ಬಿಚ್ಚಿ ಅರ್ತಿಂಗಿನ ವೈರನ್ನೇ ಕಿತ್ತುಬಿಡುತ್ತಿದ್ದ. ಕಾಲು ಹೊರಗೆ ಹಾಗೇ ಇರುತ್ತದೆ, ಒಳಗೆ ಏನೂ ಇಲ್ಲ. ಅಂಥದ್ದು ಕುಂಟ. ಮರದ ಹಲಗೆಯ ಮೇಲೆ, ರಬ್ಬರ್ ಚಪ್ಪಲಿಯಲ್ಲಿ ನಿಂತು ಒಂದೇ ಕೈಯಲ್ಲಿ ಕೆಲಸ ಮಾಡುವವನಿಗೆ ಅದರಿಂದ ಏನೂ ಆಗುವುದಿಲ್ಲ.

ನಗು ಅಲ್ಲಿಗೇ ಒಣಗಿತು. ಡ್ರೈವರ್ ಅದನ್ನು ಬೈಗುಳ ಎಂದುಕೊಂಡಿದ್ದರೆ ಎಚ್ಚರಿಕೆ ಕಿವಿಗೇ ಬಿದ್ದಿಲ್ಲ. ಬರಿಗಾಲು, ಸಿಮೆಂಟು ನೆಲ, ಕೈಯಲ್ಲಿ ಸ್ಟೀಲಿನ ಕೋಲು.

ಚಪ್ಪಲಿ ಕಾಲಿಗೆ ಸಿಕ್ಕಿತೋ ಇಲ್ಲವೋ, ಸ್ಕೂಟರ್ ಹತ್ತಿದ. ದಾರಿಯುದ್ದಕ್ಕೂ ಎದುರಿಗೆ ಬಂದವರನ್ನೆಲ್ಲ ಬೈದ. ಬೈಯಬೇಕಾದವನು ಸ್ಕೂಟರಿನ ಮೇಲೇ ಇದ್ದಾನೆಂದು ಗೊತ್ತಿದ್ದೇ ಬೈದ.

ತಂಗಿ ಬಾಗಿಲಿಗೆ ಅಡ್ಡ ನಿಂತಳು. "ಯಾಕೆ ಬಂದೆ?"

"ಹಾಕಿದಾನಾ ಅದನ್ನ?"

"ಮೊದಲು ತಪ್ಪಾಯ್ತು ಅನ್ನು. ಆಮೇಲೆ ಒಳಗೆ ಬಾ."

ಸ್ಕೋಪಣ್ಣ ಜಗುಲಿಯ ಗೋಡೆಗಿದ್ದ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದ. ಒಳಗೆ ಫ್ಯಾನು ನಿಧಾನವಾಯಿತು.

"ಯಾರದು ಕರೆಂಟ್ ತೆಗೆದದ್ದು?" ಒಳಗಿನಿಂದ ಡ್ರೈವರನ ದನಿ ಬಂತು. ಬದುಕಿದ್ದಾನೆ. ಸ್ಕೋಪಣ್ಣ ತಂಗಿಯನ್ನು ದಾಟಿ ಒಳಗೆ ಹೋದ.

ಡ್ರೈವರ್ ಸ್ಟೂಲಿನ ಮೇಲೆ ಕೂತಿದ್ದ, ಸ್ಕೋಪು ಎದುರಿಗೆ. "ಬನ್ನಿ ಭಾವ. ವಾಪಸ್ ತಗೊಂಡ್ಹೋಗೋಕೆ ಬಂದ್ರಾ? ಕುಂಟನ ಮನೇಲಿ ಇಟ್ರೆ ಅದಕ್ಕೂ ಅಂಟುತ್ತೆ ಅಂತಲಾ?"

ಸ್ಕೋಪಣ್ಣ ಜೇಬಿನಿಂದ ಸ್ಕ್ರೂ ಡ್ರೈವರ್ ತೆಗೆದು, ಪ್ಲಗ್ಗು ಕಿತ್ತು, ಬಿಚ್ಚಿ ಮುಂದೆ ಹಿಡಿದ. ಎರಡು ಕಡೆ ವೈರಿತ್ತು. ದಪ್ಪ ಕಾಲಿನ ಸ್ಕ್ರೂ ಬೋಳಾಗಿತ್ತು. "ಕುಂಟ ಅಂದದ್ದು ಇದಕ್ಕೆ. ನಿಮಗಲ್ಲ. ನಮ್ಮ ಕಸುಬಲ್ಲಿ ಹಾಗನ್ನೋದು. ಇದರ ಮೈಗೆ ಕರೆಂಟ್ ಬರುತ್ತೆ."

ಡ್ರೈವರ್ ಆ ಬೋಳು ಸ್ಕ್ರೂವನ್ನೇ ನೋಡಿದ. ಆಮೇಲೆ ತನ್ನ ಬಲಗೈ ಬೆರಳುಗಳನ್ನು ಮಡಚಿ ಬಿಚ್ಚಿದ.

"ಬೆಳಿಗ್ಗೆ ಒಂದ್ಸಲ ಹಾಕಿದ್ದೆ. ಒದ್ದು ಬೀಳಿಸ್ತು. ಕೋಲು ಆ ಮೂಲೆಗೆ ಹೋಯ್ತು. ಇನ್ನೂ ಈ ಕೈಗೆ ಸ್ಪರ್ಶ ಇಲ್ಲ."

"ನಂಗೆ ಹೇಳಲೇ ಇಲ್ವಲ್ರೀ," ಎಂದಳು ತಂಗಿ.

"ಏನು ಹೇಳ್ಲಿ? ಬಸ್ಸೂ ಹೋಯ್ತು, ಇದೂ ನನ್ನ ಕೈಲಾಗಲ್ಲ ಅಂತ ಹೇಳ್ಲಾ? ನಂದೇ ಏನೋ ತಪ್ಪು ಅಂದ್ಕೊಂಡೆ. ಇನ್ನೊಂದ್ಸಲ ನೋಡೋಣ ಅಂತ ಈಗಷ್ಟೇ ಕೂತಿದ್ದೆ." ಅವನು ಭಾವನ ಮುಖ ನೋಡಿದ. "ಒಂದು ಮನೆ ತುಂಬ ಇದ್ವಲ್ಲ ಭಾವ. ನಂಗೆ ಯಾಕೆ ಇದನ್ನೇ ಕೊಟ್ರಿ?"

ಸ್ಕೋಪಣ್ಣನಿಗೆ ಉತ್ತರ ಗೊತ್ತಿತ್ತು. ಹೋದರೆ ಹೊಟ್ಟೆ ಉರಿಯದಂಥದ್ದನ್ನು ಹುಡುಕಿ ಹುಡುಕಿ ಆರಿಸಿದ್ದ. ಒಳ್ಳೆಯವಕ್ಕೆ ಕೈ ಹೋಗಿ ಹಿಂದಕ್ಕೆ ಬಂದಿತ್ತು.

"ಬೇರೆ ತರ್ತೀನಿ. ಒಳ್ಳೇದು," ಎಂದ.

"ಬೇಡ. ಇದನ್ನ ತಗೊಂಡ್ಹೋಗಿ."

ತಂಗಿ ಪೆಟ್ಟಿಗೆಯ ಒಂದು ಬದಿ ಹಿಡಿದು ಸ್ಕೂಟರಿನವರೆಗೂ ಬಂದಳು. ಹಗ್ಗ ಬಿಗಿಯುತ್ತ ಕೇಳಿದಳು. "ಅಣ್ಣ, ಆ ರೂಮಲ್ಲಿ ಇಂಥವು ಇನ್ನೆಷ್ಟಿವೆ?"

ಅವನು ಕಣ್ಣು ಮುಚ್ಚಿ ಕೋಣೆಯನ್ನು ನೆನೆಸಿಕೊಂಡ. ಯಾವುದರ ವೈರು ಕಿತ್ತಿದ್ದೆ, ಯಾವುದಕ್ಕೆ ಮತ್ತೆ ಹಾಕಿದೆ? ಎಲ್ಲದಕ್ಕೂ ಹೊರಗೆ ಮೂರು ಕಾಲು. ನೆನಪಾಗಲಿಲ್ಲ. ನೆನಪಾದದ್ದು ಬೇರೆ. ಹೆಂಡತಿ, ಒದ್ದೆ ಬಟ್ಟೆ, ಪ್ಲಗ್ಗಿನಲ್ಲೇ ಬಿಟ್ಟ ಪೆಟ್ಟಿಗೆಗಳ ಮೇಲಿನ ಧೂಳು. ಅಲ್ಲೇ ನಿಂತು ಮನೆಗೆ ಫೋನ್ ಮಾಡಿದ.

"ಏನ್ರೀ? ಅವರು ಹೇಗಿದಾರೆ?"

"ಇದಾರೆ. ನೀನು ಆ ರೂಮಿಗೆ ಕಾಲಿಡ್ಬೇಡ. ನಾನು ಬರೋವರೆಗೂ ಏನೂ ಒರೆಸ್ಬೇಡ."



"ನಾನು ಆ ರೂಮು ಒರೆಸೋದು ಬಿಟ್ಟು ಯಾವ ಕಾಲ ಆಯ್ತು," ಎಂದಳು ಹೆಂಡತಿ. "ಮುಟ್ಟಿದ್ರೆ ಜುಮ್ ಅನ್ನುತ್ತೆ ಅಂತ ನಿಮಗೆ ಹೇಳಿದ್ದೆ. ಚಪ್ಪಲಿ ಹಾಕ್ಕೊಂಡು ಒರೆಸು ಅಂದಿದ್ರಿ."