ಎಮ್ಮೆ ಕೊಟ್ಟಿಗೆಯ ಹುಲಿಪಟ್ಟೆ

“ನೀವು ನಕ್ಲಿ ಅಂದ್ಮೇಲೆ ಮುಗೀತಲ್ಲ ಮೇಷ್ಟ್ರೇ, ಈಗ ಆ ಕೋವಿ ಎಮ್ಮೆ ಕೊಟ್ಟಿಗೆ ಬಾಗ್ಲಿಗೆ ಅಗುಳಿ,” ಅಂದರು ದ್ಯಾವಮ್ಮ, ನಗುತ್ತಲೇ.

ಆ ನಗು ನೋಡಿ ನಾನು ಜಗಲಿಯ ತುದಿಗೆ ಸರಿದು ಕೂತೆ.

ಹಳೇ ಫೌಜಿನ ಕೋವಿಗಳ ಮುದ್ರೆ ನೋಡಿ ಅಸಲಿಯೋ ನಕಲಿಯೋ ಹೇಳುವುದು ನನ್ನ ಹುಚ್ಚು. ಯಾರೂ ಕಲಿಸಿದ್ದಲ್ಲ, ಶ್ರೀರಂಗಪಟ್ಟಣದಲ್ಲಿ ಹುಟ್ಟಿದ್ದಕ್ಕೆ ಅಂಟಿಕೊಂಡದ್ದು. ಹೋದ ವರ್ಷ ಆಯುಧಪೂಜೆಯ ದಿನ ಬಿಂಡಿಗನವಿಲೆಯ ಇದೇ ಮನೆಗೆ, ಟಿಪ್ಪು ಕಾಲದ ಕೋವಿ ನೋಡಲು ಕರೆದಿದ್ದರು. ಊರಿನ ಕುಡುಗೋಲು, ನೇಗಿಲೆಲ್ಲ ಅದರ ಪಕ್ಕ ಬಂದು ಕೂತರೇ ಅಲ್ಲಿ ಪೂಜೆ ಶುರು. ನಳಿಗೆಯ ಮೇಲಿನ ಹುಲಿಪಟ್ಟೆ ಮುದ್ರೆಯ ಅಂಚು ಹೊಸ ಬ್ಲೇಡಿನಂತಿತ್ತು. “ಇನ್ನೂರು ವರ್ಷದ ಮುದ್ರೆ ಹೀಗಿರುತ್ತೇನ್ರೀ? ಇತ್ತೀಚೆಗೆ ಕೆತ್ತಿದ್ದು, ನಕಲಿ,” ಅಂದುಬಿಟ್ಟೆ, ಅಷ್ಟೂ ಜನಕ್ಕೆ ಕೇಳುವಂತೆ. ಯಾರೋ ಕಿಸಕ್ಕನೆ ನಕ್ಕರು. ದ್ಯಾವಮ್ಮನ ಯಜಮಾನರು ಹೊನ್ನಪ್ಪ ಕೋವಿಯನ್ನು ತಾವೇ ಎತ್ತಿಕೊಂಡು ಒಳಗೆ ಹೋದರು.

ಮೊನ್ನೆ ಸಂತೆಬಾಚಹಳ್ಳಿಯಲ್ಲಿ ಒಬ್ಬ ಅಜ್ಜ, ಹಬ್ಬ ಹತ್ತಿರ ಬಂತೆಂದು, ತಮ್ಮ ಹಳೇ ಕೋವಿಯ ಸವೆದ ಮುದ್ರೆಯ ಮೇಲೆ ಉಳಿ ಆಡಿಸುವುದನ್ನು ಕಂಡೆ. ಬಿಂಡಿಗನವಿಲೆಯ ಮುದ್ರೆಗೂ ಹೀಗೇ ಆಗಿರಬಹುದಲ್ಲ ಅನ್ನಿಸಿತು. ಇವತ್ತು ಬೆಳಗಿನ ಬಸ್ಸಿಗೇ ಇಲ್ಲಿಗೆ ಬಂದೆ.

ಹಗ್ಗ ಹೊಸೆಯುತ್ತಿದ್ದ ಹೊನ್ನಪ್ಪ ತಲೆ ಎತ್ತಲಿಲ್ಲ.

“ಹೊನ್ನಪ್ಪನೋರೇ, ಆ ಮುದ್ರೆ ಮೇಲೆ ಯಾರಾದ್ರೂ ಉಳಿ ಆಡಿಸಿದ್ರಾ?”

“ನಮ್ಮಪ್ಪ. ವರ್ಸ ವರ್ಸ ಇಟ್ಗೆಪುಡಿ, ಉಣ್ಸೆಅಣ್ಣು ಆಕಿ ಉಜ್ತೀವಲ್ಲ, ಅಳ್ಸೋಗಿತ್ತು. ಅಳೇ ಗೀರು ನೋಡ್ಕಂಡು ಅದ್ರ ಮೇಲೇ ಗೀರ್ದ.”

“ಅವತ್ತು ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ವಲ್ಲ.”

ದ್ಯಾವಮ್ಮ ಕೊಟ್ಟಿಗೆಯಿಂದ ಕೋವಿಯನ್ನು ಎಳೆದು ತಂದರು. ಸಗಣಿ ಒರೆಸಿ, ಬಿಗಿದಿದ್ದ ಲೋಹದ ಪಟ್ಟಿ ಸಡಿಲಿಸಿ, ನಳಿಗೆಯನ್ನು ಹಿಡಿಯ ಮರದಿಂದ ಬಿಡಿಸಿದೆ. ಉಜ್ಜುವ ಕೈ ಎಂದೂ ತಲುಪದ ಅಡಿಭಾಗದಲ್ಲಿ ಅದೇ ಹುಲಿಪಟ್ಟೆ, ಅಂಚು ಮೆತ್ತಗಾಗಿ, ಹಳೇ ತುಕ್ಕಿನೊಳಗೆ ಅಚ್ಚೊತ್ತಿ ಕೂತಿತ್ತು. ಎಲ್ಲಕ್ಕಿಂತ ಮೊದಲು ನೋಡಬೇಕಾದ ಜಾಗ. ಅವತ್ತು ಜನ ನನ್ನನ್ನೇ ನೋಡುತ್ತಿದ್ದರು, ನನಗೆ ಅವಸರ.

“ಅಸಲಿ. ತಪ್ಪು ನನ್ನದು.”

“ಇಲ್ಲಿ ಎಮ್ಮೆ ಮುಂದೆ ಏಳುದ್ರೆ ಏನ್ ಬಂತು?” ಅಂದರು ಹೊನ್ನಪ್ಪ. “ಅವತ್ತು ಊರ ಮುಂದೆ ಏಳುದ್ರಿ.”

“ಈ ಸಲ ಪೂಜೆಗೆ ಬರ್ತೀನಿ. ಊರ ಮುಂದೇನೇ ಹೇಳ್ತೀನಿ.”

“ಬನ್ನಿ. ನಿಮ್ಮ ಗಂಟ್ಲು ಜೋರಾಗೇ ಅದೆ, ಎಲ್ರಿಗೂ ಕೇಳುಸ್ತದೆ ಬುಡಿ.”

ಅಷ್ಟರಲ್ಲಿ ಅಗುಳಿಯಿಲ್ಲದ ಬಾಗಿಲು ಕಿರ್ರೆಂದಿತು. ಎಮ್ಮೆಯ ಮೂತಿ ಹೊರಗೆ ಬಂತು. ಹೊನ್ನಪ್ಪ ಕೋವಿಯನ್ನು ತೊಡೆಯ ಮೇಲೆ ಎಳೆದುಕೊಂಡು ಕೂತೇ ಇದ್ದರು. ನಾನು ಓಡಿಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.